ಚಂದ್ರಿ ಜೈಲಿನಲ್ಲಿದ್ದಾಗ ನಾವೆಲ್ಲಿದ್ದೆವು?

ಕಳೆದ ತಿಂಗಳು ಶುಗರ್ ಲ್ಯಾಂಡಿನ ಸದಸ್ಯರೊಬ್ಬರ ಮನೆಯಲ್ಲಿ ನಮ್ಮ ಓದುಕೂಟ ಸೇರಿದಾಗ ಚರ್ಚೆಗೆ ಎತ್ತಿಕೊಂಡದ್ದು ಅನಂತಮೂರ್ತಿಯವರ ‘ಸಂಸ್ಕಾರ’. ಆಸ್ಟಿನ್ನಿನಿಂದ ಎರಡು ಕಾರು, ಡಾಲಸ್ಸಿನಿಂದ ಒಂದು ಕಾರು ಬಂದಿತ್ತು. (ಡಾಲಸ್ಸಿನವರು ತಂದಿದ್ದ ಕೋಡುಬಳೆ ನಾರಣಪ್ಪನ ಶವಸಂಸ್ಕಾರದ ಪ್ರಶ್ನೆ ಏಳುವುದಕ್ಕೆ ಮೊದಲೇ ಖಾಲಿಯಾಯಿತು, ಅದು ಬೇರೆ ಮಾತು.) ಎಂದಿನಂತೆ ಮಾತು ಕಾದಂಬರಿಯಿಂದ ಸಿನಿಮಾಕ್ಕೆ ಜಾರಿತು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಕಿರಿಯ ಸದಸ್ಯೆಯೊಬ್ಬರು ಕೇಳಿದರು: "ಚಂದ್ರಿ ಪಾರ್ಟ್ ಮಾಡಿದವರು ಆಮೇಲೆ ಏನಾದರು?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಮೌನದಿಂದ ಹುಟ್ಟಿದ್ದು ಈ ಬರಹ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರ ಬಂಧನವಾಯಿತು. ಅವರು ಅಲ್ಲಿಗೆ ಬಂದಿದ್ದದ್ದು ಸಂಸತ್ತಿನ ಸಮಿತಿಯೊಂದರ ಸಭೆಗೆ. ಹೀಗೆ ದೆಹಲಿಯ ರಾಜಕೀಯ ನಮ್ಮ ಊರಿನ ಸೆಂಟ್ರಲ್ ಜೈಲಿಗೆ ಬಂದು ಕೂತಿತು. 21 ತಿಂಗಳಲ್ಲಿ ದೇಶದಾದ್ಯಂತ ವಿಚಾರಣೆಯಿಲ್ಲದೆಯೋ ತುರ್ತು ಕಾನೂನುಗಳ ಅಡಿಯಲ್ಲೋ ಒಳಗೆ ಹೋದವರು 1,10,000ಕ್ಕೂ ಹೆಚ್ಚು ಎಂದು ಆಮೇಲೆ ಷಾ ಆಯೋಗ ಲೆಕ್ಕ ಕೊಟ್ಟಿತು.

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರು ಸಿಗದಿದ್ದಾಗ ಪೊಲೀಸರ ಕಣ್ಣು ಸುತ್ತಲಿನವರ ಮೇಲೆ ಬಿತ್ತು. ತಮ್ಮ ಮೈಕೇಲ್ ಮೊದಲೇ ಒಳಗಿದ್ದರು. 1976ರ ಮೇ 1ರಂದು ಇನ್ನೊಬ್ಬ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಎತ್ತಿಕೊಂಡು ಹೋಗಿ ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಬರೆದ ದೂರಿನ ಪತ್ರ ಕೈಯಿಂದ ಕೈಗೆ ದಾಟಿತು. ಅದೇ ಮೇ 2ರಂದು, ಜಾರ್ಜ್ ಅವರ ಸ್ನೇಹಿತೆ ಎಂಬ ಕಾರಣಕ್ಕೆ, ಸ್ನೇಹಲತಾ ಅವರ ಬಂಧನವಾಯಿತು.

ಆಗ ಅವರಿಗೆ 44ರ ಆಸುಪಾಸು. ಉಬ್ಬಸದ ರೋಗಿ. ಬರೋಡ ಡೈನಮೈಟ್ ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಒಳಗೇ ಇಟ್ಟುಕೊಂಡರು. ಸೆರೆಮನೆಯಲ್ಲಿ ಹೆಣ್ಣು ಕೈದಿಗಳನ್ನು ಹೊಡೆಯುವುದರ ವಿರುದ್ಧ ಅವರು ದನಿಯೆತ್ತಿದರು, ದಿನಚರಿ ಬರೆದರು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮ್ಮ ಕೋಣೆಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ದಂಡವತೆ ಮುಂದೆ ನೆನಪಿಸಿಕೊಂಡರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಇಲ್ಲೊಂದು ವಿಚಿತ್ರ ಇದೆ. ಎ.ಕೆ. ರಾಮಾನುಜನ್ ಮಾಡಿದ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು 1976ರಲ್ಲಿ. ಅಮೆರಿಕದ ಓದುಗರು ಚಂದ್ರಿಯನ್ನು ಮೊದಲ ಸಲ ಭೇಟಿಯಾಗುತ್ತಿದ್ದ ವರ್ಷವೇ ಚಂದ್ರಿಯಾಗಿ ನಟಿಸಿದಾಕೆ ಬೆಂಗಳೂರಿನಲ್ಲಿ ಕಂಬಿಯ ಹಿಂದೆ ಉಸಿರಿಗಾಗಿ ಒದ್ದಾಡುತ್ತಿದ್ದರು.

ಹಾಗಾದರೆ ಅಮೆರಿಕದಲ್ಲಿದ್ದ ಭಾರತೀಯರು ಏನು ಮಾಡುತ್ತಿದ್ದರು? ಬಹುಪಾಲು ಜನ ನಮ್ಮ ಹಾಗೆಯೇ ಗ್ರೀನ್ ಕಾರ್ಡಿನ ದಾರಿ ನೋಡುತ್ತಿದ್ದರು. ಆದರೆ ಕೆಲವರು ಸುಮ್ಮನಿರಲಿಲ್ಲ. ಘೋಷಣೆಯಾದ ಕೆಲವೇ ದಿನಗಳಲ್ಲಿ ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಯ ಮುಂದೆ ಪ್ರತಿಭಟನೆ ನಡೆಯಿತು. ‘ಇಂಡಿಯನ್ಸ್ ಫಾರ್ ಡೆಮಾಕ್ರಸಿ’ ಎಂಬ ಸಂಘಟನೆ ಹುಟ್ಟಿಕೊಂಡಿತು. ಅದರ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ನಮ್ಮ ಉತ್ತರ ಕರ್ನಾಟಕದ ಎಸ್.ಆರ್. ಹಿರೇಮಠರು, ಅವರ ಪತ್ನಿ ಅಮೆರಿಕನ್ನರಾದ ಮೇವಿಸ್ ಸಿಗ್ವಾಲ್ಟ್. ಹಿರೇಮಠರು ಆಗ ಷಿಕಾಗೋದಲ್ಲಿ ಒಳ್ಳೆಯ ನೌಕರಿಯಲ್ಲಿದ್ದರು. ಅದೇ ನಗರದ ವಿಶ್ವವಿದ್ಯಾಲಯದಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ ಆನಂದ ಕುಮಾರ್ ಪ್ರತಿಭಟಿಸಿದ್ದಕ್ಕೆ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡರು. ಇನ್ನು ಕೆಲವರ ಪಾಸ್‌ಪೋರ್ಟುಗಳು ಹೋದವು. ರಾಮಾನುಜನ್ ಪಾಠ ಹೇಳುತ್ತಿದ್ದದ್ದೂ ಇದೇ ವಿಶ್ವವಿದ್ಯಾಲಯದಲ್ಲಿ.

ಈ ಗುಂಪು ಹೊರಡಿಸಿದ ಪತ್ರಿಕೆಯ ಹೆಸರು ‘ಇಂಡಿಯನ್ ಒಪೀನಿಯನ್’. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸಿದ ಪತ್ರಿಕೆಯ ಹೆಸರು ಅದು. ಊರಿನಲ್ಲಿ ಪತ್ರಿಕೆಗಳು ಸೆನ್ಸಾರ್ ಕತ್ತರಿಗೆ ಸಿಕ್ಕಿದ್ದಾಗ ಹೊರಗಿದ್ದವರು ಸುದ್ದಿಯನ್ನು ಅಂಚೆಪೆಟ್ಟಿಗೆಗೆ ಹಾಕುತ್ತಿದ್ದರು. ಒಂದು ಗುಂಡಿ ಒತ್ತಿ ನಿಮ್ಮೆಲ್ಲರಿಗೂ ಈ ಬರಹವನ್ನು ಕಳಿಸುವ ನಮಗೆ ಆ ಕಷ್ಟ ಅರ್ಥವಾಗುವುದು ಕಷ್ಟ. ಅಮೆರಿಕ ತನ್ನ ಸ್ವಾತಂತ್ರ್ಯದ 200ನೇ ವರ್ಷ ಆಚರಿಸುತ್ತಿದ್ದ 1976ರಲ್ಲಿ ಫಿಲಡೆಲ್ಫಿಯಾದ ಲಿಬರ್ಟಿ ಬೆಲ್ಲಿನಿಂದ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೆ ಪಾದಯಾತ್ರೆ ಮಾಡಿದರು. ಹೆದ್ದಾರಿಯ ಪಕ್ಕದಲ್ಲಿ ನಡೆಯುತ್ತಿದ್ದ ಈ ಮಂದಿಯನ್ನು ಕಂಡು ಕಾರಿನವರು ಏನೆಂದುಕೊಂಡರೋ!

ಲಂಡನ್ನಿನಲ್ಲಿ ‘ಫ್ರೀ ಜೆ.ಪಿ.’ ಆಂದೋಲನದವರು 1975ರ ಆಗಸ್ಟ್ 15ಕ್ಕೆ ಸರಿಯಾಗಿ ‘ದಿ ಟೈಮ್ಸ್’ನಲ್ಲಿ ನೂರಾರು ಸಹಿಗಳ ಜಾಹೀರಾತು ಹಾಕಿಸಿದರು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಫಿಲಿಪ್ ನೋಯೆಲ್-ಬೇಕರ್ ಆ ಆಂದೋಲನದ ಜೊತೆಗಿದ್ದರು. ಸಂಘ ಪರಿವಾರದ ಒಲವಿನವರು ‘ಫ್ರೆಂಡ್ಸ್ ಆಫ್ ಇಂಡಿಯಾ ಸೊಸೈಟಿ’ ಕಟ್ಟಿಕೊಂಡರು. ಸಮಾಜವಾದಿಗಳು, ಸಂಘದವರು, ಗಾಂಧಿವಾದಿಗಳು, ಅಮೆರಿಕದ ಕ್ವೇಕರರು ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದ ಅಪರೂಪದ ಕಾಲ ಅದು. ಅವರಲ್ಲಿ ಪರಸ್ಪರ ಗುಮಾನಿಯೇನೂ ಕಡಿಮೆಯಿರಲಿಲ್ಲ. ಇತ್ತ ವಾಷಿಂಗ್ಟನ್ನಿನಲ್ಲಿ ಡೊನಾಲ್ಡ್ ಫ್ರೇಸರ್ ಅಧ್ಯಕ್ಷತೆಯ ಸಂಸದೀಯ ಉಪಸಮಿತಿ 1976ರಲ್ಲಿ ಭಾರತದ ಮಾನವ ಹಕ್ಕುಗಳ ಕುರಿತು ವಿಚಾರಣೆ ನಡೆಸಿತು. ಇದನ್ನೆಲ್ಲ ಇಂದಿರಾ ಸರ್ಕಾರ ‘ವಿದೇಶಿ ಕೈವಾಡ’ ಎಂದು ತಳ್ಳಿಹಾಕಿತು. ಚಿಲಿಯಲ್ಲಿ ಅಮೆರಿಕ ಮಾಡಿದ್ದನ್ನು ನೆನೆದರೆ ಆ ಗುಮಾನಿಗೆ ಆಧಾರವೇ ಇರಲಿಲ್ಲ ಎನ್ನಲು ನಮಗೂ ಬಾಯಿ ಬರುವುದಿಲ್ಲ. ಆದರೆ ಹೆದ್ದಾರಿಯಲ್ಲಿ ನಡೆದ ವಿದ್ಯಾರ್ಥಿಗಳ ಹಿಂದೆ ಇದ್ದ ಕೈ ಅವರದೇ.

ಇದರಿಂದ ಪ್ರಯೋಜನವಾಯಿತೇ? ಚುನಾವಣೆ ಬಂದದ್ದು ಹೊರಗಿನವರ ಕೂಗಿನಿಂದ ಎಂದರೆ ಅದು ಬಡಾಯಿಯಾದೀತು. ಆದರೆ 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಜಾರ್ಜ್ ಸೆರೆಸಿಕ್ಕಾಗ ವಿಲ್ಲಿ ಬ್ರಾಂಟ್, ಓಲೋಫ್ ಪಾಲ್ಮೆ, ಬ್ರೂನೋ ಕ್ರೈಸ್ಕಿಯಂಥ ಯುರೋಪಿನ ಸಮಾಜವಾದಿ ನಾಯಕರು ಅವರ ಪ್ರಾಣಕ್ಕೆ ಅಪಾಯ ಆಗಬಾರದೆಂದು ನೇರವಾಗಿ ಇಂದಿರಾ ಅವರಿಗೆ ಹೇಳಿದರು. ಜಾರ್ಜ್ ಬದುಕಿ ಉಳಿದರು, ಕೈಕೋಳದ ಚಿತ್ರ ಜಗತ್ತೆಲ್ಲ ನೋಡಿತು, ಜೈಲಿನಿಂದಲೇ ಮುಜಫ್ಫರಪುರದಲ್ಲಿ ಗೆದ್ದರು. ಸ್ನೇಹಲತಾ ಯಾವ ಅಂತರರಾಷ್ಟ್ರೀಯ ಸಂಸ್ಥೆಯ ಪದಾಧಿಕಾರಿಯೂ ಆಗಿರಲಿಲ್ಲ. ಹೊರಗಿನ ದನಿ ಕೂಡ ಹೆಸರು ನೋಡಿಯೇ ಏಳುತ್ತದೆ ಎಂಬ ಕಹಿಯನ್ನು ನಾವು ನುಂಗಿಕೊಳ್ಳಬೇಕು.

ಟೆಕ್ಸಸ್ಸಿನ ಮಾತಿಗೆ ಬರೋಣ. ‘ಕಾಂತಾಪುರ’ದಲ್ಲಿ ಕನ್ನಡದ ಹಳ್ಳಿಯೊಂದರ ಸತ್ಯಾಗ್ರಹವನ್ನೂ ಪೊಲೀಸರ ಲಾಠಿಯನ್ನೂ ಬರೆದ ಹಾಸನದ ರಾಜಾರಾವ್ ಆ ವರ್ಷಗಳಲ್ಲಿ ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ಹೂಸ್ಟನ್ನಿನಲ್ಲಿ ಭಾರತದ ಕಾನ್ಸುಲೇಟ್ ಕೂಡ ಇರಲಿಲ್ಲ. ಅದು ಬಂದದ್ದು 1995ರಲ್ಲಿ. ಯಾರ ಬಾಗಿಲ ಮುಂದೆ ನಿಂತು ಕೂಗುವುದು? ಅದೇ ದಶಕದಲ್ಲಿ ಅಮೆರಿಕದ ಇರಾನಿ ವಿದ್ಯಾರ್ಥಿಗಳು ಷಾ ವಿರುದ್ಧ ಬೀದಿಗಿಳಿಯುವಾಗ ಗುಪ್ತಚರರ ಭಯಕ್ಕೆ ಮುಖವಾಡ ತೊಡುತ್ತಿದ್ದರು. ನಮ್ಮ ಕೂಟದ ಹಿರಿಯರೊಬ್ಬರು ಅಂಥದೊಂದು ಮೆರವಣಿಗೆಯನ್ನು ಹೂಸ್ಟನ್ನಿನಲ್ಲಿ ನೋಡಿದ್ದು ನೆನಪಿದೆ ಎಂದರು. ಆಮೇಲೆ, ಯಾರೂ ಕೇಳದಿದ್ದರೂ, ತಾವೇ ಮುಂದುವರಿಸಿದರು.

"ನನಗೂ ಒಂದು ಹಾಳೆ ಬಂದಿತ್ತು ಕಣ್ರೀ, ಸಹಿ ಮಾಡಿ ಕಳಿಸಿ ಅಂತ. ಆಗ ನಾನು ಸ್ಟೂಡೆಂಟು. ಊರಲ್ಲಿ ಅಪ್ಪ ಸರ್ಕಾರಿ ಸ್ಕೂಲಿನ ಮೇಷ್ಟ್ರು, ಇಬ್ಬರು ತಂಗಿಯರ ಮದುವೆ ಆಗಬೇಕಿತ್ತು. ಹಾಳೆ ಮಡಚಿ ಪುಸ್ತಕದೊಳಗೆ ಇಟ್ಟೆ. ಅದು ಸರಿಯೋ ತಪ್ಪೋ ಅಂತ ನೀವು ಹೇಳಬೇಡಿ. ನನಗೆ ಗೊತ್ತು."

ನಮಗೆ ಹೇಳುವ ಮುಖವೂ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೇ ಸಂವಿಧಾನದ ಸಮಾವೇಶಕ್ಕೆ ಕರೆದಿದ್ದ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಕೇಂದ್ರದ ವಲಸೆ ಅಧಿಕಾರಿಗಳು ಬೆಂಗಳೂರು ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಿದರು. 2025ರಲ್ಲಿ ಅವರ ಓಸಿಐ ಕಾರ್ಡು ರದ್ದಾಯಿತು. ಆ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ಎಷ್ಟು ಜನ ಉತ್ತರ ಬರೆದೆವು? ಒಬ್ಬರೂ ಇಲ್ಲ. ಪ್ರತಿಯೊಬ್ಬರ ಡ್ರಾಯರಿನಲ್ಲೂ ಒಂದೊಂದು ಓಸಿಐ ಇದೆ, ಊರಿನಲ್ಲಿ ವಯಸ್ಸಾದ ತಾಯಿ ಇದ್ದಾರೆ.

"ಅಲ್ಲಿಯದನ್ನು ಇಲ್ಲೇಕೆ ಕೆದಕುವುದು?" ಎಂದು ಒಬ್ಬರು ಕೇಳಿದ್ದೂ ಉಂಟು. ಕೆದಕುವುದೆಂದರೆ, ಇದೇ ಶುಗರ್ ಲ್ಯಾಂಡಿನಲ್ಲಿ 2018ರಲ್ಲಿ ಶಾಲೆಯೊಂದರ ಕಟ್ಟಡಕ್ಕೆ ನೆಲ ಅಗೆದಾಗ 95 ಕಪ್ಪು ಜನರ ಅಸ್ಥಿಗಳು ಸಿಕ್ಕವು. ಗುಲಾಮಗಿರಿ ಮುಗಿದ ಮೇಲೆ ಟೆಕ್ಸಸ್ ಸರ್ಕಾರ ಕೈದಿಗಳನ್ನು ಕಬ್ಬಿನ ಗದ್ದೆಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಕಾಲದವರು ಅವರು. ಅಲ್ಲಿ ಹೆಣಗಳಿವೆ ಎಂದು ರೆಜಿನಾಲ್ಡ್ ಮೂರ್ ಎಂಬ ಮಾಜಿ ಜೈಲು ಕಾವಲುಗಾರ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದರು.

ಹಿರೇಮಠ ದಂಪತಿಗಳು 1979ರಲ್ಲಿ ಊರಿಗೆ ಮರಳಿದರು. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ದುಡಿದು, 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಕಟ್ಟಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಉಪಯುಕ್ತ ಮರ ನೆಟ್ಟ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ, ಆಮೇಲೆ ಬಳ್ಳಾರಿಯ ಗಣಿಗಳ ಮೊಕದ್ದಮೆ ನಿಮಗೆ ಗೊತ್ತಿರುವಂಥದೇ. ಈ ಷಿಕಾಗೋ ದಿನಗಳನ್ನು ಸುಗತ ಶ್ರೀನಿವಾಸರಾಜು ಅವರು 2025ರಲ್ಲಿ ‘ದಿ ಕಾನ್ಷಿಯೆನ್ಸ್ ನೆಟ್‌ವರ್ಕ್’ ಎಂಬ ದೊಡ್ಡ ಪುಸ್ತಕವಾಗಿ ಬರೆದಿದ್ದಾರೆ. ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವವರು ಆ ಹಳೆಯ ಜೈಲಿನ ಆವರಣದೊಳಗೇ ಮಾಡಬೇಕು. ಈ ವ್ಯಂಗ್ಯವನ್ನು ಲಂಕೇಶರು ನೋಡಿದ್ದರೆ ಒಂದು ಇಡೀ ಪುಟ ಬರೆಯುತ್ತಿದ್ದರು.

ಮುಂದಿನ ಸಭೆಗೆ ಸ್ನೇಹಲತಾ ಅವರ ಸೆರೆಮನೆಯ ದಿನಚರಿ ಇಟ್ಟುಕೊಂಡಿದ್ದೇವೆ. 1977ರಲ್ಲಿ ಅಚ್ಚಾದ ಆ ತೆಳು ಪುಸ್ತಕದ ಒಂದೇ ಪ್ರತಿ ಡಾಲಸ್ಸಿನ ಸದಸ್ಯರ ಬಳಿ ಇದೆ. ಕೇಳಿದವರಿಗೆ ನಕಲು ಮಾಡಿ ಕಳಿಸುತ್ತಾರಂತೆ. ಮೊದಲ ಪುಟಗಳನ್ನು ನಮ್ಮ ಹಿರಿಯರು ಓದುತ್ತಾರೆ. ಆ ಹಾಳೆ ಯಾವ ಪುಸ್ತಕದೊಳಗಿದೆ ಎಂದು ಅವರು ಇನ್ನೂ ಹುಡುಕುತ್ತಿದ್ದಾರೆ.