ಕಂಪ್ಯೂಟರ್ ಬಿಸಿಯಾಗುತ್ತಿದೆಯೇ? ಏರ್ ಕೂಲರ್‌ಗೆ ಎಷ್ಟು ಖರ್ಚು ಮಾಡಿದರೆ ಸಾಕು?

ಏರ್ ಕೂಲರ್ ಎಂದೊಡನೆ ನಮಗೆ ನೆನಪಾಗುವುದು ಬೇಸಿಗೆಯಲ್ಲಿ ಕಿಟಕಿಯ ಪಕ್ಕ ನೀರು ತುಂಬಿಸಿ ಇಡುವ ದೊಡ್ಡ ಪೆಟ್ಟಿಗೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಒಳಗೂ ಅದೇ ಹೆಸರಿನ ಒಂದು ಭಾಗವಿದೆ. ಪ್ರಾಸೆಸರ್ ಮೇಲೆ ಕೂರುವ ಲೋಹದ ತೆಳು ತಗಡುಗಳು, ಅವುಗಳಿಗೊಂದು ಫ್ಯಾನ್, ಇಷ್ಟೇ ಅದು. ಈ ಲೇಖನ ಇರುವುದು ಆ ಎರಡನೇ ಕೂಲರ್ ಬಗ್ಗೆ.

ಏಪ್ರಿಲ್, ಮೇ ತಿಂಗಳು ಬಂತೆಂದರೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಫೋಟೋ ಸ್ಟುಡಿಯೋಗಳಿಗೆ ಮದುವೆ ಸೀಸನ್. ವಿಡಿಯೋ ಎಡಿಟಿಂಗ್ ಕೆಲಸ ರಾಶಿ ಬೀಳುವ ಹೊತ್ತಿಗೇ ಬಿಸಿಲೂ ಏರುತ್ತದೆ. ಕಂಪ್ಯೂಟರಿನ ಫ್ಯಾನ್ ಜೋರಾಗಿ ಕೂಗುತ್ತದೆ, ಕೆಲಸ ಮಾತ್ರ ನಿಧಾನ. ಡಿಟಿಪಿ ಅಂಗಡಿ, ಮನೆಯಲ್ಲಿ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿ, ಎಲ್ಲರದ್ದೂ ಇದೇ ಕಥೆ. ಆಗ ಕೇಳಿಬರುವ ಸಲಹೆಗಳು ಸಾಮಾನ್ಯವಾಗಿ ಮೂರು: ವಾಟರ್ ಕೂಲರ್ ಹಾಕಿಸಿ, ಹೊಸ ಕಂಪ್ಯೂಟರ್ ತಗೊಳ್ಳಿ, ಇಲ್ಲವೇ ಪ್ರಾಸೆಸರ್‌ಗೆ ಟೂತ್‌ಪೇಸ್ಟ್ ಹಚ್ಚಿ. ಬಹುತೇಕ ಮಂದಿಗೆ ಈ ಮೂರೂ ಬೇಕಿಲ್ಲ. ಏಕೆ ಎಂದು ನೋಡೋಣ.

ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು?

ಪ್ರಾಸೆಸರ್ ಬಳಸುವ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಬದಲಾಗುತ್ತದೆ. 65 ವ್ಯಾಟ್ ಪ್ರಾಸೆಸರ್ ಎಂದರೆ ಹಳೆಯ ಕಾಲದ 60 ವ್ಯಾಟ್ ಬಲ್ಬಿನಷ್ಟು ಬಿಸಿ. ಆದರೆ ಆ ಬಿಸಿ ಹುಟ್ಟುವುದು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಚಿಪ್‌ನಲ್ಲಿ. ಅದನ್ನು ಅಲ್ಲಿಂದ ಎತ್ತಿ ಕೋಣೆಯ ಗಾಳಿಗೆ ಸೇರಿಸುವುದಷ್ಟೇ ಕೂಲರ್ ಕೆಲಸ. ಅದು ತಂಪನ್ನು ತಯಾರಿಸುವುದಿಲ್ಲ, ಬಿಸಿಯನ್ನು ಸಾಗಿಸುತ್ತದೆ.

ಈ ಸಾಗಣೆಯಲ್ಲಿ ನಾಲ್ಕು ಹಂತಗಳಿವೆ. ಚಿಪ್‌ನ ಬಿಸಿ ಮೊದಲು ಥರ್ಮಲ್ ಪೇಸ್ಟ್ ದಾಟಿ ಕೂಲರ್‌ನ ತಳಕ್ಕೆ ಬರುತ್ತದೆ. ಅಲ್ಲಿಂದ ತಾಮ್ರದ ಕೊಳವೆಗಳ ಮೂಲಕ ಮೇಲಿನ ಅಲ್ಯೂಮಿನಿಯಂ ತಗಡುಗಳಿಗೆ ಹೋಗುತ್ತದೆ. ಫ್ಯಾನ್ ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಕೊನೆಗೆ ಕ್ಯಾಬಿನೆಟ್‌ನ ಹಿಂದಿನ ಫ್ಯಾನ್ ಆ ಗಾಳಿಯನ್ನು ಹೊರಗೆ ತಳ್ಳುತ್ತದೆ. ಯಾವ ಹಂತದಲ್ಲಿ ಅಡ್ಡಿಯಾದರೂ ಪ್ರಾಸೆಸರ್ ಬಿಸಿಯಾಗುತ್ತದೆ.

ಆ ತಾಮ್ರದ ಕೊಳವೆಗೆ ಹೀಟ್ ಪೈಪ್ ಎಂದು ಹೆಸರು. ಅದು ಗಟ್ಟಿ ತಂತಿಯಲ್ಲ, ಒಳಗೆ ಟೊಳ್ಳು. ಕಡಿಮೆ ಒತ್ತಡದಲ್ಲಿ ಸ್ವಲ್ಪವೇ ಸ್ವಲ್ಪ ನೀರನ್ನು ಅದರೊಳಗೆ ಮುಚ್ಚಿಟ್ಟಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತದೆ, ತಗಡುಗಳಿರುವ ತುದಿಯಲ್ಲಿ ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಒಳಗಿನ ಪದರವೊಂದು ಆ ನೀರನ್ನು ವಾಪಸು ಕೆಳಗೆ ತರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ಇಸ್ರೋ ಉಪಗ್ರಹಗಳಲ್ಲೂ ಬಿಸಿ ಹಂಚಲು ಹೀಟ್ ಪೈಪ್ ಬಳಸುತ್ತಾರೆ. ಅಂದರೆ ಕಡಿಮೆ ಬೆಲೆಯ ಕೂಲರ್‌ನಲ್ಲಿ ಇರುವುದೂ ಕಡಿಮೆ ದರ್ಜೆಯ ತಂತ್ರಜ್ಞಾನವೇನಲ್ಲ.

ದೇವರಾಯನದುರ್ಗದ ತಂಪಿನಲ್ಲಿ ಏನಾಗುತ್ತದೆ?

ನೀರು ತುಂಬಿಸುವ ಕೋಣೆಯ ಕೂಲರ್ ನೀರನ್ನು ಆವಿ ಮಾಡಿ ಗಾಳಿಯ ಬಿಸಿಯನ್ನೇ ಇಳಿಸುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಪ್ರಾಸೆಸರ್ ಕೂಲರ್‌ಗೆ ಆ ಶಕ್ತಿಯಿಲ್ಲ. ಹೀಟ್ ಪೈಪ್‌ನ ನೀರು ಹೊರಗೆ ಬರುವುದೇ ಇಲ್ಲವಲ್ಲ. ಆದ್ದರಿಂದ ಎಷ್ಟೇ ದುಬಾರಿ ಕೂಲರ್ ಆದರೂ, ವಾಟರ್ ಕೂಲರ್ ಆದರೂ, ಪ್ರಾಸೆಸರನ್ನು ಕೋಣೆಯ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು.

ಇದನ್ನು ಒಂದು ಲೆಕ್ಕದಿಂದ ನೋಡಿ. ತುಮಕೂರಿನ ಒಂದು ಕೋಣೆಯಲ್ಲಿ 34 ಡಿಗ್ರಿ ಸೆಲ್ಸಿಯಸ್ ಇದೆ, ಎಡಿಟಿಂಗ್ ಮಾಡುವಾಗ ಪ್ರಾಸೆಸರ್ 80 ಡಿಗ್ರಿ ತೋರಿಸುತ್ತಿದೆ ಎಂದುಕೊಳ್ಳಿ. ಏರಿಕೆ 46 ಡಿಗ್ರಿ. ಅದೇ ಕಂಪ್ಯೂಟರನ್ನು ದೇವರಾಯನದುರ್ಗಕ್ಕೆ ಒಯ್ದು 24 ಡಿಗ್ರಿಯ ಕೋಣೆಯಲ್ಲಿ ಇಟ್ಟು ಅದೇ ಕೆಲಸ ಮಾಡಿಸಿದರೆ ಸುಮಾರು 70 ಡಿಗ್ರಿ ತೋರಿಸುತ್ತದೆ. ಕೂಲರ್ ಬದಲಾಗಿಲ್ಲ, ಕೋಣೆ ಬದಲಾಗಿದೆ ಅಷ್ಟೇ.

ಬೆಟ್ಟದ ಮೇಲೆ ಗಾಳಿ ತೆಳುವಾಗಿರುತ್ತದಲ್ಲ, ಆಗ ಫ್ಯಾನ್ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಬರಬಹುದು. ತುಮಕೂರು ನಗರ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ದೇವರಾಯನದುರ್ಗ ಸುಮಾರು 1,200 ಮೀಟರ್. ಸಮುದ್ರಮಟ್ಟಕ್ಕೆ ಹೋಲಿಸಿದರೆ ಗಾಳಿಯ ಸಾಂದ್ರತೆ ತುಮಕೂರಿನ ಎತ್ತರದಲ್ಲಿ ಸುಮಾರು ಶೇ. 8ರಷ್ಟು, ಬೆಟ್ಟದ ಎತ್ತರದಲ್ಲಿ ಸುಮಾರು ಶೇ. 11ರಷ್ಟು ಕಡಿಮೆ. ಊರಿಗೂ ಬೆಟ್ಟಕ್ಕೂ ಇರುವ ಈ ಅಲ್ಪ ವ್ಯತ್ಯಾಸಕ್ಕಿಂತ ಬೆಟ್ಟದ ತಂಪಿನ ಲಾಭವೇ ದೊಡ್ಡದು.

ಹಾಗಾಗಿ ಯಾರಾದರೂ "ನನ್ನ ಕೂಲರ್‌ನಲ್ಲಿ 60 ಡಿಗ್ರಿ ದಾಟುವುದೇ ಇಲ್ಲ" ಎಂದು ಸ್ಕ್ರೀನ್‌ಶಾಟ್ ಕಳಿಸಿದರೆ, ಮೊದಲು ಕೇಳಬೇಕಾದದ್ದು "ನಿಮ್ಮ ಕೋಣೆಯಲ್ಲಿ ಎಷ್ಟು ಡಿಗ್ರಿ ಇತ್ತು? ಆಗ ಯಾವ ಕೆಲಸ ನಡೆಯುತ್ತಿತ್ತು?" ಎಂದು.

80 ಡಿಗ್ರಿ ದಾಟಿದರೆ ಪ್ರಾಸೆಸರ್ ಸುಟ್ಟುಹೋಗುತ್ತದೆಯೇ?

ಇಲ್ಲ. ಪ್ರತಿ ಪ್ರಾಸೆಸರ್‌ಗೂ ಕಂಪನಿಯೇ ಒಂದು ಗರಿಷ್ಠ ತಾಪಮಾನ ನಿಗದಿ ಮಾಡಿರುತ್ತದೆ. ಇಂಟೆಲ್ ಕೋರ್ ಐ5-12400ಕ್ಕೆ ಅದು 100 ಡಿಗ್ರಿ, ಎಎಂಡಿ ರೈಜೆನ್ 5 5600ಕ್ಕೆ 90 ಡಿಗ್ರಿ, ರೈಜೆನ್ 5 7600ಕ್ಕೆ 95 ಡಿಗ್ರಿ. ಆ ಮಿತಿ ತಲುಪಿದಾಗ ಪ್ರಾಸೆಸರ್ ತಾನೇ ವೇಗ ತಗ್ಗಿಸಿ ಬಿಸಿ ಕಡಿಮೆ ಮಾಡಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ಬೇಸಿಗೆಯಲ್ಲಿ ಕಂಪ್ಯೂಟರ್ ನಿಧಾನವಾಗಲು ಇದೂ ಒಂದು ಕಾರಣ.

ದೊಡ್ಡ ಕೆಲಸ ಮಾಡುವಾಗ 75ರಿಂದ 85 ಡಿಗ್ರಿ ಇದ್ದರೆ ಗಾಬರಿ ಬೇಡ. ಏನೂ ಕೆಲಸವಿಲ್ಲದಾಗಲೂ 70 ದಾಟುತ್ತಿದ್ದರೆ, ಅಥವಾ ಕೆಲಸ ಶುರು ಮಾಡಿದ ಕ್ಷಣದಲ್ಲೇ ಗರಿಷ್ಠ ಮಿತಿಗೆ ಹಾರುತ್ತಿದ್ದರೆ ಎಲ್ಲೋ ತೊಂದರೆಯಿದೆ ಎಂದರ್ಥ.

ದುಡ್ಡು ಕೊಡುವ ಮುನ್ನ ಅರ್ಧ ಗಂಟೆ ಕೊಡಿ

ಮೊದಲು ಅಳೆಯಿರಿ. ಕೋರ್ ಟೆಂಪ್, ಎಚ್‌ಡಬ್ಲ್ಯೂ ಮಾನಿಟರ್‌ನಂಥ ಉಚಿತ ತಂತ್ರಾಂಶಗಳು ಪ್ರಾಸೆಸರ್ ತಾಪಮಾನ ತೋರಿಸುತ್ತವೆ. ನಿಮ್ಮ ಮಾಮೂಲಿ ಕೆಲಸವನ್ನು ಇಪ್ಪತ್ತು ನಿಮಿಷ ಮಾಡಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಂತರ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಕೆಲಸ ಮತ್ತೆ ಮಾಡಿ. ತಾಪಮಾನ ಏಳೆಂಟು ಡಿಗ್ರಿ ಇಳಿದರೆ ತೊಂದರೆ ಕೂಲರ್‌ನದ್ದಲ್ಲ, ಕ್ಯಾಬಿನೆಟ್ ಒಳಗೆ ಗಾಳಿ ಓಡಾಡುತ್ತಿಲ್ಲ. ಮುಂಭಾಗ ಪೂರ್ತಿ ಗಾಜು ಮುಚ್ಚಿದ ಕ್ಯಾಬಿನೆಟ್‌ಗಳಲ್ಲಿ ಇದು ಸಾಮಾನ್ಯ. ಮುಂದೆ ಗಾಳಿ ಒಳಗೆಳೆಯುವ ಒಂದು ಫ್ಯಾನ್, ಹಿಂದೆ ಹೊರಹಾಕುವ ಒಂದು ಫ್ಯಾನ್ ಇದ್ದರೆ ಸಾಕಾಗುತ್ತದೆ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಕೆಲಸ ಇದು.

ಆಮೇಲೆ ದೂಳು. ತೆಂಗಿನ ನಾರಿನ ಘಟಕಗಳಿರುವ ಗುಬ್ಬಿ, ತಿಪಟೂರು ಕಡೆ ನಾರಿನ ಪುಡಿ, ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ರಸ್ತೆಯ ದೂಳು ತಗಡುಗಳ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಬ್ರಷ್ ಮತ್ತು ಬ್ಲೋವರ್‌ನಿಂದ ಸ್ವಚ್ಛ ಮಾಡಿ. ಬ್ಲೋವರ್ ಬಳಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲವಾದರೆ ಅತಿವೇಗವಾಗಿ ತಿರುಗಿ ಬೇರಿಂಗ್ ಹಾಳಾಗಬಹುದು.

ಕೊನೆಯದು ಥರ್ಮಲ್ ಪೇಸ್ಟ್. ಕಣ್ಣಿಗೆ ನುಣುಪಾಗಿ ಕಾಣುವ ಲೋಹದಲ್ಲೂ ಸೂಕ್ಷ್ಮ ಹಳ್ಳಗಳಿರುತ್ತವೆ, ಅವುಗಳಲ್ಲಿ ಗಾಳಿ ಕೂತಿರುತ್ತದೆ. ಗಾಳಿ ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ. ಆ ಹಳ್ಳ ತುಂಬುವುದೇ ಪೇಸ್ಟ್ ಕೆಲಸ. ನಾಲ್ಕೈದು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಅದು ಒಣಗಿ ಪುಡಿಯಾಗಿರಬಹುದು. ಹಳೆಯದನ್ನು ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿದರೆ ಸಾಕು.

ಇಲ್ಲೊಂದು ಎಚ್ಚರಿಕೆ. ಎಎಂಡಿಯ ಎಎಂ4 ಮದರ್‌ಬೋರ್ಡ್‌ಗಳಲ್ಲಿ ಒಣಗಿದ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆ ಪ್ರಾಸೆಸರೂ ಕಿತ್ತು ಬರಬಹುದು, ಅದರ ಪಿನ್‌ಗಳು ಬಾಗಬಹುದು. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿ. ಎಳೆಯಬೇಡಿ.

ಹೊಸ ಕೂಲರ್ ಬೇಕೇ ಬೇಕು ಎಂದಾದರೆ

ಇಷ್ಟಾದ ಮೇಲೂ ಬಿಸಿ ಇಳಿಯದಿದ್ದರೆ ಕೂಲರ್ ಬದಲಿಸಬಹುದು. ಆಗ ನಾಲ್ಕು ವಿಷಯ ನೋಡಿ.

1. ನಿಮ್ಮ ಪ್ರಾಸೆಸರ್ ನಿಜಕ್ಕೂ ಎಷ್ಟು ವ್ಯಾಟ್ ಬಳಸುತ್ತದೆ? ಬಾಕ್ಸ್ ಮೇಲಿನ ಸಂಖ್ಯೆಯೇ ಕೊನೆಯಲ್ಲ. ಕೋರ್ ಐ5-12400ರ ಮೂಲ ಮಿತಿ 65 ವ್ಯಾಟ್, ಗರಿಷ್ಠ 117 ವ್ಯಾಟ್. ರೈಜೆನ್ 5 5600ಕ್ಕೆ 65 ಎಂದಿದ್ದರೂ 76 ವ್ಯಾಟ್‌ವರೆಗೆ ಹೋಗುತ್ತದೆ. ಈ ಎರಡಕ್ಕೂ ಬಾಕ್ಸ್‌ನಲ್ಲಿ ಬರುವ ಕೂಲರ್ ಕಚೇರಿ ಕೆಲಸಕ್ಕೆ ಸಾಕು. ಗಂಟೆಗಟ್ಟಲೆ ಎಡಿಟಿಂಗ್ ಇದ್ದರೆ ನಾಲ್ಕು ಹೀಟ್ ಪೈಪ್, 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್ ಧಾರಾಳವಾಯಿತು. ರೈಜೆನ್ 5 7600ಎಕ್ಸ್ 142 ವ್ಯಾಟ್‌ವರೆಗೆ ಬಳಸುತ್ತದೆ, ಬಾಕ್ಸ್‌ನಲ್ಲಿ ಕೂಲರ್ ಬರುವುದಿಲ್ಲ. ಅದಕ್ಕೂ ಒಳ್ಳೆಯ ಟವರ್ ಕೂಲರ್ ಸಾಕು. ಕೋರ್ ಐ7-14700ಕೆ ಮಾತ್ರ 253 ವ್ಯಾಟ್‌ವರೆಗೆ ಏರಬಲ್ಲದು. ಅಂಥದ್ದಕ್ಕೆ ದೊಡ್ಡ ಜೋಡಿ ಟವರ್ ಅಥವಾ ವಾಟರ್ ಕೂಲರ್ ಯೋಚಿಸಬಹುದು.

2. ಸಾಕೆಟ್ ಹೊಂದುತ್ತದೆಯೇ? ಇಂಟೆಲ್ 12, 13, 14ನೇ ತಲೆಮಾರಿನ ಎಲ್‌ಜಿಎ 1700 ಬೋರ್ಡಿನ ತೂತುಗಳು ಹಳೆಯ ಎಲ್‌ಜಿಎ 1200ಕ್ಕಿಂತ ಬೇರೆ ಅಳತೆಯವು. ಹಳೆಯ ಸ್ಟಾಕ್ ಕೂಲರ್ ಕೊಳ್ಳುವಾಗ ನಿಮ್ಮ ಬೋರ್ಡಿಗೆ ಬೇಕಾದ ಕ್ಲಿಪ್ ಬಾಕ್ಸ್‌ನಲ್ಲಿದೆಯೇ ಎಂದು ತೆರೆದು ನೋಡಿ.

3. ಎತ್ತರ ಎಷ್ಟು? ಡೀಪ್‌ಕೂಲ್ ಎಜಿ400 ಎತ್ತರ 150 ಮಿ.ಮೀ., ಎಕೆ400 ಎತ್ತರ 155 ಮಿ.ಮೀ. ಸಣ್ಣ ಕ್ಯಾಬಿನೆಟ್‌ನಲ್ಲಿ ಇವು ಕೂತರೆ ಬಾಗಿಲು ಮುಚ್ಚದಿರಬಹುದು. ಪ್ರಾಸೆಸರ್ ಮೇಲ್ಭಾಗದಿಂದ ಪಕ್ಕದ ಬಾಗಿಲಿನವರೆಗೆ ಎಷ್ಟು ಜಾಗವಿದೆ ಎಂದು ಅಳೆದುಕೊಂಡೇ ಹೋಗಿ.

4. ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ? ಬಣ್ಣದ ದೀಪಗಳಿಂದ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಎರಡನೇ ಫ್ಯಾನ್‌ನಿಂದ ಇಳಿಯುವುದು ಸಾಮಾನ್ಯವಾಗಿ ಒಂದೆರಡು ಡಿಗ್ರಿ. "220 ವ್ಯಾಟ್ ಸಾಮರ್ಥ್ಯ" ಎಂದು ಬಾಕ್ಸ್ ಮೇಲೆ ಬರೆಯಲು ಎಲ್ಲ ಕಂಪನಿಗಳಿಗೂ ಒಂದೇ ಅಳತೆಗೋಲಿಲ್ಲ. ಹಾಗಾಗಿ ಎರಡು ಕಂಪನಿಗಳ ಆ ಸಂಖ್ಯೆಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ನಾಲ್ಕು ಹೀಟ್ ಪೈಪ್‌ನ ಸಾದಾ ಟವರ್ ಕೂಲರ್‌ಗಳು ಸುಮಾರು ಒಂದೂವರೆಯಿಂದ ಮೂರು ಸಾವಿರ ರೂಪಾಯಿಗಳಲ್ಲಿ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಿರಾದರೆ ಆನ್‌ಲೈನ್ ಬೆಲೆ ನೋಡಿಕೊಂಡು ಹೋಗಿ, ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ. ಅಲ್ಲಿಯೇ ಹಾಕಿಸಿಕೊಂಡರೆ ತುಮಕೂರಿನವರೆಗಿನ ಸುಮಾರು 70 ಕಿ.ಮೀ. ದಾರಿಯಲ್ಲಿ ಕ್ಯಾಬಿನೆಟ್ ಅನ್ನು ಕೂಲರ್ ಮೇಲ್ಮುಖವಾಗಿರುವಂತೆ ಮಲಗಿಸಿ ತನ್ನಿ. ನಿಲ್ಲಿಸಿದರೆ ಪ್ರತಿ ಗುಂಡಿಯಲ್ಲೂ ಕೂಲರ್‌ನ ಭಾರ ಮದರ್‌ಬೋರ್ಡನ್ನು ಜಗ್ಗುತ್ತದೆ. ಮನೆಯಲ್ಲೇ ಜೋಡಿಸುವಿರಾದರೆ ಕೂಲರ್‌ನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ.

ಇನ್ನೊಂದು ಖರ್ಚಿಲ್ಲದ ದಾರಿಯೂ ಇದೆ. ಹೊಸ ರೈಜೆನ್‌ಗಳಲ್ಲಿ ಈಕೋ ಮೋಡ್, ಇಂಟೆಲ್‌ನ ಅನೇಕ ಬೋರ್ಡ್‌ಗಳಲ್ಲಿ ಪವರ್ ಲಿಮಿಟ್ ಎಂಬ ಆಯ್ಕೆ ಬಯೋಸ್‌ನಲ್ಲಿ ಇರುತ್ತದೆ. ಅದನ್ನು ತಗ್ಗಿಸಿದರೆ ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಬಿಸಿ ಬಹಳ ಕಡಿಮೆಯಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

"ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಬಹುದು."
ತಪ್ಪು. ಮೊದಲ ದಿನ ಕೆಲಸ ಮಾಡಿದಂತೆ ಕಾಣುತ್ತದೆ. ಅದರಲ್ಲಿರುವ ನೀರು ಪ್ರಾಸೆಸರ್ ಬಿಸಿಗೆ ಬೇಗನೆ ಆರಿಹೋಗಿ ಗಟ್ಟಿ ಪುಡಿ ಉಳಿಯುತ್ತದೆ, ಬಿಸಿ ಮತ್ತೆ ಏರುತ್ತದೆ.

"ನೀರಿನ ಏರ್ ಕೂಲರನ್ನು ಕಂಪ್ಯೂಟರ್ ಕಡೆ ತಿರುಗಿಸಿದರೆ ಒಳ್ಳೆಯದು."
ಬೇಡ. ಆ ಗಾಳಿಯಲ್ಲಿ ತೇವ ಹೆಚ್ಚು, ಕೆಲವೊಮ್ಮೆ ನೀರಿನ ಹನಿಗಳೂ ಬರುತ್ತವೆ. ತೇವ ಮತ್ತು ದೂಳು ಸೇರಿದರೆ ಸರ್ಕ್ಯೂಟ್ ಹಾಳಾಗಬಹುದು.

"ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನ್ ಹಾಕಿದರೆ ಸಾಕು."
ಒಂದು ದಿನದ ಪರೀಕ್ಷೆಗೆ ಸರಿ. ದಿನವೂ ಹೀಗೇ ಇಟ್ಟರೆ ದೂಳು, ಜಿರಳೆ, ಹಲ್ಲಿಗಳಿಗೆ ದಾರಿ ಮಾಡಿಕೊಟ್ಟಂತೆ. ಮಕ್ಕಳ ಕೈಗೂ ಎಟಕುತ್ತದೆ.

"ವಾಟರ್ ಕೂಲರ್ ಯಾವಾಗಲೂ ಏರ್ ಕೂಲರ್‌ಗಿಂತ ಉತ್ತಮ."
ಪ್ರಾಸೆಸರ್ ಬಹಳ ಬಿಸಿಯಾಗುವಂಥದ್ದಾದರೆ ಉಪಯೋಗವಿದೆ. 65 ವ್ಯಾಟ್ ವರ್ಗದ್ದಕ್ಕೆ ಹೆಚ್ಚಿನ ಲಾಭವಿಲ್ಲ. ಅದರಲ್ಲಿ ಪಂಪ್ ಇದೆ, ಪಂಪ್ ಕೆಟ್ಟರೆ ಸಾಮಾನ್ಯವಾಗಿ ಪೂರ್ತಿ ಕೂಲರ್ ಬದಲಿಸಬೇಕು. ಏರ್ ಕೂಲರ್‌ನಲ್ಲಿ ಕೆಡುವ ಭಾಗ ಫ್ಯಾನ್ ಒಂದೇ, ಅದನ್ನಷ್ಟೇ ಬದಲಿಸಬಹುದು.

ನಿಮ್ಮ ಕಂಪ್ಯೂಟರ್ ಬಿಸಿಯಾದರೆ ಮೊದಲು ಅಳೆಯಿರಿ, ಆಮೇಲೆ ದೂಳು ತೆಗೆಯಿರಿ, ಪೇಸ್ಟ್ ಬದಲಿಸಿ, ಗಾಳಿಗೆ ದಾರಿ ಮಾಡಿ. ಇದೆಲ್ಲ ಆದ ಮೇಲೂ ಸಂಖ್ಯೆ ಇಳಿಯದಿದ್ದರಷ್ಟೇ ಅಂಗಡಿಗೆ ಹೋಗಿ. ಹೋಗುವಾಗ ಪ್ರಾಸೆಸರ್‌ನ ಹೆಸರು, ಸಾಕೆಟ್, ಕ್ಯಾಬಿನೆಟ್‌ನ ಅಳತೆ ಮತ್ತು ನೀವು ಬರೆದಿಟ್ಟ ತಾಪಮಾನ, ಈ ನಾಲ್ಕೂ ನಿಮ್ಮ ಮೊಬೈಲ್‌ನಲ್ಲಿರಲಿ.