ಥ್ರಿಯೊನಿನ್ ಒಡೆಯುವ ಕಿಣ್ವ, ಬೆಂಗಳೂರಿನಲ್ಲಿ ಕಂಡ ರೂಪ

ಆಮ್ಲಜನಕವಿಲ್ಲದ ಕಡೆಯೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬದುಕಬಲ್ಲದು. ಆಗ ಅದು ಥ್ರಿಯೊನಿನ್ ಎಂಬ ಅಮೈನೊ ಆಮ್ಲವನ್ನು ಒಡೆದು ಶಕ್ತಿ ಪಡೆಯುತ್ತದೆ. ಆ ಕೆಲಸದ ಮೊದಲ ಹೆಜ್ಜೆ ಟಿಡಿಸಿಬಿ ಕಿಣ್ವದ್ದು.

ಇದರ ಚರಿತ್ರೆ ಉದ್ದವಾದದ್ದು. ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿರುವ ಇಂಥದೇ ಕಿಣ್ವವನ್ನು ಎಎಂಪಿ ಎಂಬ ಪುಟ್ಟ ಅಣು ಚುರುಕುಗೊಳಿಸುತ್ತದೆ ಎಂದು ವುಡ್ ಮತ್ತು ಗುನ್ಸಾಲಸ್ 1949ರಲ್ಲಿ ತೋರಿಸಿದರು. ಜೀವಕೋಶದಲ್ಲಿ ಶಕ್ತಿ ಕುಂದಿದಾಗ ಹೆಚ್ಚುವ ಅಣು ಅದು. ಹಸಿವಿನ ಸುದ್ದಿ ಕಿಣ್ವಕ್ಕೆ ಮುಟ್ಟುವುದೇನೋ ಸರಿ, ಆದರೆ ಅದು ಏಳುವುದು ಹೇಗೆ?

ಇದಕ್ಕೆ ಸ್ಪಷ್ಟ ಚಿತ್ರ ಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಧೀರೇಂದ್ರ ಸಿಮಾಂಶು, ಎಚ್. ಎಸ್. ಸಾವಿತ್ರಿ ಮತ್ತು ಎಂ. ಆರ್. ಎನ್. ಮೂರ್ತಿ ಸಾಲ್ಮೊನೆಲ್ಲಾದ ಜೀನನ್ನು ಇ. ಕೋಲಿಗೆ ಸೇರಿಸಿ ಕಿಣ್ವವನ್ನು ಹೇರಳವಾಗಿ ತಯಾರಿಸಿದರು. ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಬರಿಯ ಕಿಣ್ವದಲ್ಲಿ ಎರಡು ಘಟಕಗಳ ಜೋಡಿಯಿತ್ತು. ಎಎಂಪಿಯಂತೆಯೇ ಕೆಲಸ ಮಾಡುವ ಸಿಎಂಪಿ ಬಂದು ಅಂಟಿದೊಡನೆ ಎರಡು ಜೋಡಿಗಳು ಕೂಡಿ ನಾಲ್ಕು ಘಟಕಗಳ ಕೂಟವಾಗಿದ್ದವು. ಕಿಣ್ವದ ಚುರುಕು ಹೆಚ್ಚುವುದೂ ಈ ಕೂಟ ಕಟ್ಟುವುದೂ ಜೊತೆಜೊತೆಗೇ ನಡೆಯುತ್ತಿದ್ದವು.

ಇದೇ ತಂಡ 2005ರಲ್ಲಿ ಇದೇ ಹಾದಿಯ ಕೊನೆಯ ಕಿಣ್ವ ಟಿಡಿಸಿಡಿಯ ರಚನೆಯನ್ನೂ ಬಿಡಿಸಿತ್ತು. ಥ್ರಿಯೊನಿನ್ ಒಡೆದು ಕೊನೆಗೆ ಉಳಿಯುವ ಪ್ರೊಪಿಯೊನೇಟ್ ಹುಟ್ಟುವುದೂ ಬ್ಯಾಕ್ಟೀರಿಯಾಕ್ಕೆ ಬೇಕಾದ ಶಕ್ತಿಯ ಅಣು ಎಟಿಪಿ ಸಿಗುವುದೂ ಅಲ್ಲಿಯೇ.