ನಮ್ಮೂರ ಇತಿಹಾಸ, ಭಾಗ 6: ಮೂಳೆಗೆ ವಯಸ್ಸು ಕೇಳೋದು ಹೇಗೆ?

ಫೋಟೋದಲ್ಲಿರೋದು ಮದ್ದೂರಿನ ಕಾಡಂಚು. ವಡೆ ಮದ್ದೂರಲ್ಲ ಕಣ್ರಪ್ಪಾ, ಗುಂಡ್ಲುಪೇಟೆ ತಾಲ್ಲೂಕಿನದು. ರಾತ್ರಿ 9ಕ್ಕೆ ಕೇರಳದ ರಸ್ತೆ ಬಂದ್ ಆಗುತ್ತಲ್ಲ, ಅಲ್ಲಿ.

ನಮ್ಮಜ್ಜಿಯ ಅಣ್ಣ 1979ರಲ್ಲಿ ಇಲ್ಲೇ ದನ ಮೇಯಿಸೋಕೆ ಹೋದವರು ವಾಪಸ್ ಬರಲಿಲ್ಲ. ಎರಡು ಮಳೆಗಾಲ ಆದಮೇಲೆ ಹಳ್ಳದಲ್ಲಿ ಒಂದಷ್ಟು ಮೂಳೆ ಸಿಕ್ಕವು, ಪಕ್ಕದಲ್ಲಿ ಒಂದು ಕುಡ್ಲು. "ಇದು ಅಣ್ಣಂದೇ" ಅಂದರು ಅಜ್ಜಿ. "ಕುಡ್ಲು ಅವನದಿರಬಹುದು, ಮೂಳೆ ತುಂಬಾ ಹಳೇದು" ಅಂದವರೂ ಇದ್ದರಂತೆ. ಕೊನೆಗೆ ಕುಡ್ಲೇ ಗೆದ್ದಿತು. ಮಣ್ಣು ಮಾಡಿದರು.

ನಗಬೇಡಿ, ದೊಡ್ಡ ದೊಡ್ಡವರೂ ಹೀಗೇ ಲೆಕ್ಕ ಹಾಕಿದ್ದಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು. ಅಶೋಕನ ಶಾಸನ ಇರೋ ಜಾಗ ಅದು. ಅಲ್ಲಿ ದೊಡ್ಡ ಚಪ್ಪಡಿ ಕಲ್ಲಿನ ಗೋರಿಗಳು, ಒಳಗೆ ಮೂಳೆ, ಮಡಕೆ, ಕಬ್ಬಿಣ. ಸತ್ತು ಎಷ್ಟು ಕಾಲ ಆಯ್ತು? ಮೂಳೆಯನ್ನೇ ಕೇಳೋ ದಾರಿ ಆಗ ಇರಲಿಲ್ಲ. ಅದೇ ಜಿಲ್ಲೆಯ ಚಂದ್ರವಳ್ಳಿಯ ರೋಮನ್ ನಾಣ್ಯ, ಪುದುಚೇರಿ ಹತ್ತಿರದ ಅರಿಕಮೇಡುವಿನ ಮಡಕೆ, ಇವುಗಳ ಜೊತೆ ಹೋಲಿಸಿ ಕ್ರಿ.ಪೂ. 200ರಿಂದ ಕ್ರಿ.ಶ. 50ರ ಸುಮಾರು ಅಂದರು. ಅಂದರೆ ವೀಲರ್ ಕೂಡ ಕುಡ್ಲು ನೋಡಿಯೇ ಹೇಳಿದ್ದು!

ಎರಡೇ ವರ್ಷಕ್ಕೆ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಕಾರ್ಬನ್-14 ವಿಧಾನ ತಂದರು. ಬಿಕಾಂ ಫ್ರೆಂಡ್ಸ್, ಇದು ನಮ್ಮ ರಿಟನ್ ಡೌನ್ ವ್ಯಾಲ್ಯೂ ಡಿಪ್ರಿಸಿಯೇಷನ್ನೇ. ಬದುಕಿರೋವರೆಗೂ ಊಟದಿಂದ ಕಾರ್ಬನ್-14 ತುಂಬ್ತಾ ಇರುತ್ತೆ, ಸತ್ತ ದಿನ ಖರೀದಿ ನಿಂತಿತು. ಅಲ್ಲಿಂದ ವರ್ಷಕ್ಕೆ 0.0121% ದರದಲ್ಲಿ ಕಡಿಮೆ ಆಗ್ತಾ ಹೋಗುತ್ತೆ. 5,730 ವರ್ಷಕ್ಕೆ ಅರ್ಧ. ಉಳಿದದ್ದು ಅಳೆದರೆ ಸತ್ತ ಕಾಲ ಸಿಗುತ್ತೆ.

1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರಾ ದಡದ ಹಳ್ಳೂರಲ್ಲಿ ಅಗೆದರು. ಕಬ್ಬಿಣ ಸಿಕ್ಕ ಪದರದ ಇದ್ದಿಲನ್ನು ಮುಂಬೈನ ಟಾಟಾ ಸಂಸ್ಥೆಯ ಲ್ಯಾಬಲ್ಲಿ ಪರೀಕ್ಷಿಸಿದಾಗ ಬಂದ ಕಾಲ ಕ್ರಿ.ಪೂ. 1000ದ ಆಸುಪಾಸು. ಗೋರಿ ಕಟ್ಟಿದ ಜನರ ಕಾಲ ಸುಮಾರು ಎಂಟುನೂರು ವರ್ಷ ಹಿಂದಕ್ಕೆ ಹೋಯ್ತು!

ಗಮನಿಸಿ, ಇಲ್ಲೂ ಮಾತಾಡಿದ್ದು ಇದ್ದಿಲು, ಮೂಳೆಯಲ್ಲ. ಮೂಳೆಯ ಲೆಕ್ಕದ ಪುಸ್ತಕ ಇರೋದು ಕೊಲಾಜನ್ ಅನ್ನೋ ಪ್ರೋಟೀನಲ್ಲಿ. ಬಿಸಿಲು, ಮಳೆ, ಹುಳಿ ಮಣ್ಣು ಸೇರಿದರೆ ಅದು ಬೇಗ ಕರಗುತ್ತೆ. ಸಿಟ್ರೇಟ್ ಅಂತ ಇನ್ನೊಂದಿದೆ, ಹೊಸ ಮೂಳೆಯಲ್ಲಿ ಸುಮಾರು 2%. ಅದು ಮೊದಲು ಬೇಗ, ಆಮೇಲೆ ನಿಧಾನ ಇಳಿಯುತ್ತೆ ಅಂತ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಆದರೆ ಮಣ್ಣು, ಬಿಸಿ ಬದಲಾದರೆ ಲೆಕ್ಕವೂ ಬದಲು. ನಮ್ಮ ಕೆಮ್ಮಣ್ಣಿಗೆ ಅದನ್ನ ಹಾಗೇ ಹಾಕೋಕೆ ನನಗಂತೂ ಧೈರ್ಯ ಇಲ್ಲ.

ನನ್ನ ನಿದ್ದೆ ಕೆಡಿಸಿದ್ದು ಬೇರೆ ವಿಷಯ. 1950ರ ದಶಕದಿಂದ ದೇಶಗಳು ಬಯಲಲ್ಲಿ ಅಣುಬಾಂಬ್ ಸಿಡಿಸಿ, 1963ರ ಹೊತ್ತಿಗೆ ಗಾಳಿಯ ಕಾರ್ಬನ್-14 ಹೆಚ್ಚುಕಮ್ಮಿ ಎರಡರಷ್ಟಾಯಿತು. ಆಮೇಲೆ ಬದುಕಿದ್ದವರ ಮೂಳೆಯಲ್ಲೆಲ್ಲ ಆ ಗುರುತಿದೆ, ನಮ್ಮೂರ ದನಗಾಹಿಯ ಮೂಳೆಯಲ್ಲೂ. ನೂರು ವರ್ಷ ಹಳೇ ಮೂಳೆಯಲ್ಲಿ ಇರಲ್ಲ. ಅಂದರೆ ಕೊಲಾಜನ್ ಸ್ವಲ್ಪ ಉಳಿದಿದ್ದರೂ ಸಾಕು: ಅವು ಹಳೇ ಮೂಳೆಯೋ, ತಾತನ ಕಾಲದ್ದೋ ಗೊತ್ತಾಗುತ್ತೆ.

ಅಜ್ಜಿಗೆ ಇದನ್ನೆಲ್ಲ ವಿವರಿಸಿದೆ. ಬಾಂಬ್ ವಿಷಯ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಅಲ್ಲ ಅಂದ್ಬುಟ್ರೆ, ಇಷ್ಟ್ ವರ್ಸ ನಾನು ಎಡೆ ಇಟ್ಟಿದ್ದು ಯಾರ್ಗೆ?"

ನಿಮ್ಮೂರಲ್ಲಿ 'ಪಾಂಡವರ ಗುಡಿ' ಅಂತ ಕರೆಯೋ ಚಪ್ಪಡಿ ಕಲ್ಲಿನ ಗೋರಿ ಇದ್ದರೆ ಫೋಟೋ ಕಳಿಸಿ. ಅಗೆಯೋಕೆ ಮಾತ್ರ ಹೋಗಬೇಡಿ.

#ಮದ್ದೂರು #ಗುಂಡ್ಲುಪೇಟೆ #ನಮ್ಮೂರಇತಿಹಾಸ